ಮೊದಲು ಯಾರ ನೋವು?

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ. ಈ ಐದು ತಾಲ್ಲೂಕುಗಳ ಯಾವ ಊರಿನ ಕಟ್ಟೆಯ ಮೇಲೆ ಕುಳಿತು ‘ನಮ್ಮ ಮಂದಿಯ ಆರೋಗ್ಯಕ್ಕೆ ಮೊದಲು ಏನಾಗಬೇಕು?’ ಎಂದು ಕೇಳಿದರೂ ಉತ್ತರ ಥಟ್ಟನೆ ಬರುತ್ತದೆ. ದೊಡ್ಡ ದವಾಖಾನೆ ಬೇಕು, ರಾತ್ರಿಯೂ ಡಾಕ್ಟರು ಇರಬೇಕು, ಇನ್ನೊಂದು ಆಂಬುಲೆನ್ಸ್ ಬೇಕು. ಎಲ್ಲವೂ ನ್ಯಾಯವಾದ ಬೇಡಿಕೆಗಳೇ. ಆದರೆ ಹಣ, ಸಿಬ್ಬಂದಿ, ಸಮಯ ಮೂರೂ ಅಳತೆಯಲ್ಲಿರುವಾಗ ಒಂದು ಮುಂದೆ ಬಂದರೆ ಇನ್ನೊಂದು ಹಿಂದೆ ಸರಿಯುತ್ತದೆ. ಹಾಗೆ ಸರಿದದ್ದರ ಹಿಂದೆ ಯಾರದೋ ಜೀವ ಇರುತ್ತದೆ. ಆದ್ದರಿಂದ ಆದ್ಯತೆಯ ಪಟ್ಟಿ ಬರೆಯುವುದು ಕಚೇರಿ ಕೆಲಸದಂತೆ ಕಂಡರೂ ಅದರೊಳಗೆ ಧರ್ಮದ ಪ್ರಶ್ನೆಯಿದೆ: ಮೊದಲು ಯಾರ ನೋವು?

ಗದ್ದಲ ಮಾಡುತ್ತ ಬರುವ ಸಂಕಟಕ್ಕೆ ನಾವು ಬೇಗ ಓಗೊಡುತ್ತೇವೆ. 2005, 2019, 2021ರಲ್ಲಿ ಕೃಷ್ಣೆ, ದೂಧಗಂಗೆ, ವೇದಗಂಗೆಗಳು ಉಕ್ಕಿದಾಗ ಕಾಳಜಿ ಕೇಂದ್ರಗಳು ತೆರೆದವು. ವಾಂತಿಭೇದಿ ಹರಡದಿರಲೆಂದು ನೀರಿಗೆ ಕ್ಲೋರಿನ್ ಬಿತ್ತು. ಅದು ಆಗಲೇಬೇಕಾದ ಕೆಲಸ. ಸದ್ದಿಲ್ಲದೆ ದಿನವೂ ಸವೆಸುವ ಸಂಕಟದ ಪಾಡು ಬೇರೆ. ಅದರ ಫೋಟೊ ಪತ್ರಿಕೆಯಲ್ಲಿ ಬರುವುದಿಲ್ಲ, ಎಷ್ಟೋ ಸಲ ದವಾಖಾನೆಯ ರಿಜಿಸ್ಟರಿನಲ್ಲೂ ಇರುವುದಿಲ್ಲ.

ನಿಪ್ಪಾಣಿಯ ಓಣಿಗಳಲ್ಲಿ ಮೊರ ಮಡಿಲಲ್ಲಿಟ್ಟುಕೊಂಡು ಬೀಡಿ ಕಟ್ಟುವ ಹೆಣ್ಣುಮಕ್ಕಳನ್ನು ನೋಡಿ. ಬೆನ್ನು ಬಾಗಿಸಿ ಗಂಟೆಗಟ್ಟಲೆ ಕುಳಿತೇ ಕೆಲಸ. ತಂಬಾಕಿನ ಧೂಳು ಉಸಿರಿಗೂ ಚರ್ಮಕ್ಕೂ ಇಳಿಯುತ್ತದೆ. ಕೆಲಸದ ಜಾಗವೇ ಮನೆಯಾದ್ದರಿಂದ ಮಕ್ಕಳೂ ಅದೇ ಗಾಳಿ ಕುಡಿಯುತ್ತಾರೆ. ಕೆಮ್ಮು, ಸೊಂಟನೋವುಗಳನ್ನು ಅವರು ರೋಗವೆಂದು ಹೇಳಿಕೊಳ್ಳುವುದು ಕಡಿಮೆ. ದುಡಿಮೆಯ ಪಾಲೆಂದು ನುಂಗಿಕೊಳ್ಳುತ್ತಾರೆ. 1976ರ ಕಾಯ್ದೆಯಂತೆ ಬೀಡಿಯ ಮೇಲೆ ಹಾಕಿದ ಕರದಿಂದ ಇವರ ಚಿಕಿತ್ಸೆಗೆ, ಮನೆಗೆ, ಮಕ್ಕಳ ಓದಿಗೆ ಒಂದು ನಿಧಿ ಬೆಳೆದಿತ್ತು. 2017ರಲ್ಲಿ ಜಿಎಸ್‌ಟಿ ಬಂದಾಗ ಆ ಕರ ನಿಂತಿತು, ಕೆಮ್ಮು ನಿಲ್ಲಲಿಲ್ಲ.

ಸಕ್ಕರೆ ಕಾರ್ಖಾನೆಗಳ ಚಿಮಣಿ ಹೊಗೆಯಾಡತೊಡಗಿದರೆ ಕಬ್ಬು ಕಡಿಯುವ ಗ್ಯಾಂಗುಗಳು ಬರುತ್ತವೆ. ಬಹಳ ಮಂದಿ ಮಹಾರಾಷ್ಟ್ರದ ಬೀಡ್ ಕಡೆಯ ಗಂಡ ಹೆಂಡಿರ ಜೋಡಿಗಳು. ಹೊಲದ ಬದಿಯ ಜೋಪಡಿ, ಬಯಲೇ ಬಚ್ಚಲು. ಒಂದು ದಿನ ಕುಡುಗೋಲು ಕೆಳಗಿಟ್ಟರೆ ಗ್ಯಾಂಗು ಕರೆತರುವ ಮುಕಾದಮನ ಲೆಕ್ಕದಲ್ಲಿ ಸಾಲ ಏರುತ್ತದೆ. ಬೀಡ್ ಜಿಲ್ಲೆಯ ಇಂಥ ಹೆಣ್ಣುಮಕ್ಕಳ ಸ್ಥಿತಿಯನ್ನು 2019ರಲ್ಲಿ ಮಹಾರಾಷ್ಟ್ರ ಸರ್ಕಾರದ ಸಮಿತಿಯೊಂದು ಪರಿಶೀಲಿಸಿತು. 82 ಸಾವಿರದಷ್ಟು ಮಂದಿಯಲ್ಲಿ 13 ಸಾವಿರಕ್ಕೂ ಹೆಚ್ಚು ಹೆಂಗಸರು ಗರ್ಭಚೀಲ ತೆಗೆಸಿಕೊಂಡಿದ್ದರು. ಅವರು ನಮ್ಮ ಊರಿನ ಮತದಾರರಲ್ಲ. ಆದರೆ ನಾವು ಚಹಾಕ್ಕೆ ಹಾಕಿಕೊಳ್ಳುವ ಸಕ್ಕರೆಯಲ್ಲಿ ಅವರ ಬೆವರಿದೆ. ಹಂಗಾಮಿನ ಆ ತಿಂಗಳುಗಳಲ್ಲಿ ಅವರ ಬಸುರಿಯರ ತಪಾಸಣೆ, ಅವರ ಕೂಸುಗಳ ಲಸಿಕೆ ಯಾರ ಹೊಣೆ? ಅವರು ಇಂದು ಮಲಗುವ ಊರಿನ ಹೊಣೆ.

ಗಡಿಯಲ್ಲಿ ಇನ್ನೊಂದು ತೊಡಕಿದೆ. ಕಾಗವಾಡಕ್ಕೆ ಬೆಳಗಾವಿಗಿಂತ ಮಿರಜ ಹತ್ತಿರ, ನಿಪ್ಪಾಣಿಗೆ ಕೊಲ್ಹಾಪುರ ಹತ್ತಿರ. 1894ರಲ್ಲಿ ವಿಲಿಯಂ ವಾನ್ಲೆಸ್ ಮಿರಜಿನಲ್ಲಿ ಆಸ್ಪತ್ರೆ ಆರಂಭಿಸಿದ ಮೇಲೆ ಆ ಊರೇ ವೈದ್ಯಕೀಯಕ್ಕೆ ಹೆಸರಾಯಿತು; ನಮ್ಮವರ ಎಷ್ಟೋ ಜೀವಗಳನ್ನು ಉಳಿಸಿತು. ಆದರೆ ಗಡಿಯಾಚೆ ಚಿಕಿತ್ಸೆ ಪಡೆದ ರೋಗಿಯ ಸಕ್ಕರೆ ಕಾಯಿಲೆ, ಕ್ಯಾನ್ಸರ್, ಅದಕ್ಕಾಗಿ ಒತ್ತೆಬಿದ್ದ ಹೊಲ ಯಾವುದೂ ಈಚೆಯ ಪ್ರಾಥಮಿಕ ಆರೋಗ್ಯ ಕೇಂದ್ರದ ಲೆಕ್ಕಕ್ಕೆ ತಾನಾಗಿ ಬರುವುದಿಲ್ಲ.

ಹೀಗೆ ಲೆಕ್ಕಕ್ಕೆ ಬಾರದ ನೋವನ್ನು ಎಣಿಸಿದ ಮೇಲೆ ಏನಾಗಬಹುದು? ಹಾವು ಕಡಿತವನ್ನೇ ನೋಡೋಣ. 2020ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ ವರ್ಷಕ್ಕೆ ಸರಾಸರಿ 58,000 ಜನ ಹಾವು ಕಚ್ಚಿ ಸತ್ತಿದ್ದರು. ಆಸ್ಪತ್ರೆಗಳ ದಾಖಲೆಯಲ್ಲಿ ಸಿಕ್ಕದ್ದು ಅದರ ಸಣ್ಣ ಪಾಲು. ಉಳಿದವರು ಹೊಲದಲ್ಲೋ ಮಂತ್ರ ಹಾಕುವವರ ಮನೆಯಲ್ಲೋ ದಾರಿಯಲ್ಲೋ ತೀರಿಕೊಂಡಿದ್ದರು. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತದ ಪ್ರತಿ ಪ್ರಕರಣವನ್ನೂ ವರದಿ ಮಾಡುವುದು ಕಡ್ಡಾಯವೆಂದಿತು. ಕಬ್ಬಿನ ನಾಡಿಗೆ ಇದು ದೊಡ್ಡ ಮಾತು: ಎಲ್ಲಿ, ಯಾವಾಗ, ಎಷ್ಟು ಮಂದಿ ಎಂಬುದು ಗೊತ್ತಾದರೆ ವಿಷನಿರೋಧಕ ಔಷಧ ಎಲ್ಲಿ ಸದಾ ಇರಬೇಕೆಂಬುದೂ ಗೊತ್ತಾಗುತ್ತದೆ.

ನಮ್ಮ ಜಿಲ್ಲೆಯಲ್ಲೇ ಇನ್ನೂ ಹಳೆಯ ಪಾಠವಿದೆ. 2002ರಿಂದ 2005ರವರೆಗೆ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ 1,620 ಬಾಣಂತಿಯರ ಮೇಲೆ ಒಂದು ಅಧ್ಯಯನ ನಡೆಯಿತು. ಹೆರಿಗೆಯಾದೊಡನೆ ಆರೋಗ್ಯ ಸಹಾಯಕಿಯರಿಂದ ಮಿಸೊಪ್ರೊಸ್ಟಾಲ್ ಗುಳಿಗೆ ಪಡೆಯದವರಲ್ಲಿ ಶೇ. 12ರಷ್ಟಿದ್ದ ಅತಿ ರಕ್ತಸ್ರಾವ, ಪಡೆದವರಲ್ಲಿ ಶೇ. 6.4ರಷ್ಟೇ ಇತ್ತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಬಳಕೆಗಾಗಿ ಆ ಗುಳಿಗೆಯನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ವೈದ್ಯರಿಲ್ಲದ ಹಳ್ಳಿಯಲ್ಲಿ ಹೆರುವ ಬಡ ತಾಯಿಯನ್ನು ಮೊದಲು ನೆನೆದದ್ದರ ಫಲ ಜಗತ್ತಿಗೇ ದಕ್ಕಿತು.

ಜನ ಕೇಳಿದ್ದನ್ನೇ ಮೊದಲು ಮಾಡಿದರೆ ಸಾಕೆ ಎಂಬ ಪ್ರಶ್ನೆಯೂ ಇದೆ. ಕಾಗವಾಡದಿಂದ ಮಿರಜಿಗೆ ಹೋಗುವ ದಾರಿಯಲ್ಲೇ ಮ್ಹೈಸಾಳ ಸಿಗುತ್ತದೆ. 2017ರ ಮಾರ್ಚಿನಲ್ಲಿ, ಗರ್ಭಪಾತಕ್ಕೆ ಒಳಗಾದ ಹೆಣ್ಣುಮಗಳೊಬ್ಬಳ ಸಾವಿನ ತನಿಖೆ ಮಾಡುತ್ತಿದ್ದ ಪೊಲೀಸರು ಅಲ್ಲಿ 19 ಭ್ರೂಣಗಳನ್ನು ಹೊರತೆಗೆದರು. ತನಿಖೆಯ ಎಳೆ ಗಡಿಯ ಈಚೆಗೂ ಚಾಚಿತು. ಹೆಣ್ಣು ಕೂಸು ಹುಟ್ಟದಿರಲೆಂಬ ಬಯಕೆಯನ್ನು ಯಾರೂ ಗ್ರಾಮಸಭೆಯಲ್ಲಿ ಸಮಸ್ಯೆಯೆಂದು ಎತ್ತುವುದಿಲ್ಲ, ಏಕೆಂದರೆ ಅಲ್ಲಿ ರೋಗ ಇರುವುದು ಊರಿನ ಮನಸ್ಸಿನಲ್ಲೇ. 1994ರ ಲಿಂಗಪತ್ತೆ ನಿಷೇಧ ಕಾಯ್ದೆ ಯಂತ್ರಕ್ಕೆ ಬೀಗ ಹಾಕಬಹುದು. ಮನೆಯ ಹಿರಿಯರ ಮಾತಿಗೆ ಬೀಗ ಹಾಕಬೇಕಾದವರು ನಾವು. ಬಹುಮತಕ್ಕೆ ಬೇಡವಾದವರನ್ನೂ ಕಾಯುವ ಆದ್ಯತೆಯೇ ನಿಜವಾದ ಆದ್ಯತೆ.

ನಮ್ಮ ಮಠಗಳ ದಾಸೋಹದಲ್ಲೂ ಇದೇ ನೀತಿ: ಮೊದಲ ಪಂಕ್ತಿ ಉಂಡೆದ್ದರೆ ಕೆಲಸ ಮುಗಿಯಿತೆನ್ನುವುದಿಲ್ಲ. ಕೊನೆಯ ಪಂಕ್ತಿಗೆ ಅನ್ನ ಉಳಿದಿದೆಯೇ ಎಂದು ನೋಡುತ್ತಾರೆ. ಅಥಣಿಯ ಗಚ್ಚಿನಮಠದ ಶಿವಯೋಗಿಗಳು ಬದುಕಿ ತೋರಿಸಿದ ಕಾರುಣ್ಯದ ನೆಲದಲ್ಲಿ ಈ ರೀತಿಯನ್ನು ಯಾರೂ ಹೊರಗಿನಿಂದ ಕಲಿಸಬೇಕಾಗಿಲ್ಲ.

ಕೊನೆಯ ಪಂಕ್ತಿಯವರನ್ನು ಪಟ್ಟಿಗೆ ತರುವ ಸಾಧನ ನಮ್ಮ ಕೈಯಲ್ಲೇ ಇದೆ. ಊರೂರಿಗೂ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿ ಇರಬೇಕೆಂಬುದು ನಿಯಮ. ಪಂಚಾಯ್ತಿ ಸದಸ್ಯರು, ಆಶಾ, ಅಂಗನವಾಡಿ ಕಾರ್ಯಕರ್ತೆಯರು ಅದರಲ್ಲಿರುತ್ತಾರೆ. ಅದರ ಕೈಗೆ ಬರುವ ಹಣ ಸಣ್ಣದು. ಆದರೆ ಕೇಳುವ ಹಕ್ಕು ದೊಡ್ಡದು. ನಿಮ್ಮೂರ ಸಮಿತಿ ಯಾವಾಗ ಸೇರುತ್ತದೆ ಎಂದು ಆಶಾ ಅಕ್ಕನನ್ನು ಕೇಳಿ, ಆ ದಿನ ಹೋಗಿ ಕುಳಿತುಕೊಳ್ಳಿ. ಬೀಡಿ ಕಟ್ಟುವ ಒಬ್ಬ ತಾಯಿಯನ್ನು, ಹಂಗಾಮಿನಲ್ಲಿ ಗ್ಯಾಂಗಿನ ಒಬ್ಬ ಹೆಣ್ಣುಮಗಳನ್ನು ಜೊತೆಗೆ ಕರೆದೊಯ್ಯಿರಿ. ಮೊದಲ ಮಾತು ಅವರದಾಗಲಿ, ಪಟ್ಟಿಯ ಮೊದಲ ಸಾಲೂ ಅವರಿಂದಲೇ ಶುರುವಾಗಲಿ.