ಬಾಣ ತಾಗಿದ ಮಾತ್ರಕ್ಕೆ

ಪರೀಕ್ಷಿತನ ಕಥೆ ನಮಗೆ ನೆನಪಿರುವುದು ಶಾಪದಿಂದ, ತಕ್ಷಕನಿಂದ. ಆದರೆ ಮಹಾಭಾರತದ ಆದಿಪರ್ವದಲ್ಲಿ ಅದು ಶುರುವಾಗುವುದು ಬೇಟೆಯ ಮರ್ಯಾದೆ ಕೆಟ್ಟ ಒಂದು ಗಳಿಗೆಯಿಂದ. ಅರಸ ಹೊಡೆದ ಜಿಂಕೆ ಬಾಣ ಹೊತ್ತುಕೊಂಡೇ ಓಡಿ ಮರೆಯಾಗುತ್ತದೆ. ಅವನ ಬಾಣ ತಾಗಿದ ಮೃಗ ಅದುವರೆಗೆ ತಪ್ಪಿಸಿಕೊಂಡದ್ದೇ ಇಲ್ಲ. ಹಸಿದು ಬಾಯಾರಿ ಬೆನ್ನಟ್ಟಿದವನು ದನಗಳಿರುವ ಜಾಗದಲ್ಲಿ ಕೂತಿದ್ದ ಶಮೀಕ ಮುನಿಯನ್ನು ಕಂಡು, ನಾನು ಹೊಡೆದ ಜಿಂಕೆಯನ್ನು ಕಂಡೆಯಾ ಎಂದು ಕೇಳುತ್ತಾನೆ. ಮುನಿ ಮೌನವ್ರತದಲ್ಲಿದ್ದಾನೆ. ಉತ್ತರ ಬಾರದ ಸಿಟ್ಟಿಗೆ ಅರಸ ಸತ್ತ ಹಾವೊಂದನ್ನು ಬಿಲ್ಲಿನ ತುದಿಯಿಂದೆತ್ತಿ ಅವನ ಹೆಗಲಿಗೆ ಹಾಕಿ ಹೊರಡುತ್ತಾನೆ. ಹೊಡೆದ ಮೃಗ ನನ್ನದು ಎಂಬ ಹಕ್ಕು ಇನ್ನೊಬ್ಬರ ನೆಲೆಯೊಳಗೂ ಸಲ್ಲುತ್ತದೆಯೇ? ಶಾಪದ ಗದ್ದಲದಲ್ಲಿ ಈ ಪ್ರಶ್ನೆ ಕಿವಿಗೆ ಬೀಳುವುದೇ ಇಲ್ಲ.

ಹಕ್ಕೇ ಇಲ್ಲವೆನ್ನುವಂತಿಲ್ಲ. ಕಾಡು ಕಡಿದು ಹಸನು ಮಾಡಿದವನಿಗೆ ಹೊಲ, ಬಾಣ ನೆಟ್ಟವನಿಗೆ ಮೃಗ ಎಂದು ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯ ಎರಡನ್ನೂ ಒಂದೇ ಶ್ಲೋಕದಲ್ಲಿ ಹೇಳುತ್ತದೆ. (ಹೇಳುವುದು ಮಗ ಯಾರಿಗೆ ಸೇರಬೇಕೆಂಬ ಚರ್ಚೆಯ ನಡುವೆ, ಅದು ಬೇರೆಯದೇ ತಕರಾರು.) ಎರಡೂ ದುಡಿಮೆಯಿಂದ ಬಂದ ಹಕ್ಕುಗಳೇ. ಆದರೆ ಬಾಣ ನೆಟ್ಟ ಮೃಗ ಹಸನಾದ ಹೊಲಕ್ಕೇ ನುಗ್ಗಿದರೆ? ಆರನೆಯ ಶತಮಾನದಲ್ಲಿ ಜಸ್ಟಿನಿಯನ್ ಚಕ್ರವರ್ತಿ ಕ್ರೋಡೀಕರಿಸಿದ ರೋಮನ್ ಕಾನೂನು ಈ ಗಂಟನ್ನು ಬಿಡಿಸಲು ನೋಡಿತು. ಕಾಡುಪ್ರಾಣಿ ಯಾರ ನೆಲದಲ್ಲಿ ಸಿಕ್ಕರೂ ಹಿಡಿದವನದೇ, ಗಾಯ ಮಾಡಿದರಷ್ಟೇ ಸಾಲದು. ಆದರೆ ಒಳಗೆ ಬರಬೇಡವೆನ್ನುವ ಅಧಿಕಾರ ನೆಲದವನದು. ಪ್ರಾಣಿಯ ಮೇಲಿನ ಹಕ್ಕು ಬೇರೆ, ಕಾಲಿಡುವ ಹಕ್ಕು ಬೇರೆ ಎಂಬ ಈ ವಿಂಗಡಣೆಯೇ ನನಗೆ ಸರಿಯೆನಿಸುತ್ತದೆ.

ಇದಕ್ಕೆ ಬಲವಾದ ಆಕ್ಷೇಪವೊಂದಿದೆ. ಗಾಯಗೊಂಡ ಪ್ರಾಣಿ ಬೇಲಿಯಾಚೆ ನರಳುತ್ತಿರುವಾಗ ಗಡಿಯ ನೆಪ ಹೇಳಿ ಹಿಂದಿರುಗುವುದು ಕ್ರೌರ್ಯವಲ್ಲವೇ? ಹೌದು, ಕ್ರೌರ್ಯವೇ. ಹೊಡೆದವನ ಮೇಲೆ ಆ ನೋವನ್ನು ಮುಗಿಸುವ ಹೊಣೆ ಇದ್ದೇ ಇದೆ. ಆದರೆ ಆ ಹೊಣೆ ಹುಟ್ಟಿದ್ದು ಅವನ ಕೈತಪ್ಪಿನಿಂದ, ನೆಲದವನ ತಪ್ಪಿನಿಂದಲ್ಲ. ಹಾಗಾಗಿ ಅದು ಅವನನ್ನು ಬಾಗಿಲು ತಟ್ಟಿ ಕೇಳುವಂತೆ ಮಾಡಬೇಕೇ ಹೊರತು ಬೇಲಿ ಹಾರುವ ಪರವಾನಗಿಯಾಗಬಾರದು. ಪರೀಕ್ಷಿತನೂ ಕೇಳುವವರೆಗೆ ಸರಿಯಾಗಿಯೇ ನಡೆದುಕೊಂಡ. ಎಡವಿದ್ದು ಉತ್ತರವೂ ತನಗೆ ಸಲ್ಲಬೇಕಾದ ಕಪ್ಪವೆಂದು ಭಾವಿಸಿದಾಗ. ಮೌನಂ ಸಮ್ಮತಿ ಲಕ್ಷಣಂ ಎನ್ನುವ ನಮ್ಮ ರೂಢಿಯೂ ಇದಕ್ಕಿಂತ ಬಹಳ ದೂರವಿಲ್ಲ. ಅಮೆರಿಕದ ವರ್ಮಾಂಟ್ 1777ರ ಸಂವಿಧಾನದಲ್ಲೇ ಬೇಲಿ ಹಾಕದ ನೆಲದಲ್ಲಿ ಬೇಟೆಯಾಡುವ ಸ್ವಾತಂತ್ರ್ಯ ಕೊಟ್ಟಿತು. ಅಂದರೆ ಬೇಡವೆನ್ನುವ ಶ್ರಮ ನೆಲದವನ ಪಾಲಿಗೆ. ಫ್ರಾನ್ಸಿನ 1964ರ ಕಾನೂನು ಇನ್ನೂ ಮುಂದೆ ಹೋಗಿ, ಹಲವೆಡೆ ಸಣ್ಣ ಹಿಡುವಳಿದಾರರು ಬೇಟೆಯನ್ನು ಪಾಪವೆಂದು ತಿಳಿದಿದ್ದರೂ ತಮ್ಮ ಜಮೀನನ್ನು ಊರ ಬೇಟೆಗಾರರ ಸಂಘಕ್ಕೆ ಬಿಟ್ಟುಕೊಡಬೇಕೆಂದಿತು. 1999ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಇದನ್ನು ಒಪ್ಪಲಿಲ್ಲ. ಅಲ್ಲಿ ಪಣಕ್ಕಿದ್ದದ್ದು ಮೊಲ, ಹಂದಿಗಳ ಬೆಲೆಯಲ್ಲ. ತನ್ನ ನೆಲದಲ್ಲಿ ಕೊಲೆ ನಡೆಯಬಾರದೆನ್ನುವವನ ಮನಸ್ಸಾಕ್ಷಿ.

ಗಡಿಯೆಂಬುದೇ ಉಳ್ಳವರ ಹೂಟ ಎನ್ನುವವರೂ ಇದ್ದಾರೆ. ಅವರ ಮಾತಿಗೆ ಇತಿಹಾಸ ಸಾಕ್ಷಿ ಹೇಳುತ್ತದೆ: ಇಂಗ್ಲೆಂಡಿನ 1723ರ ಬ್ಲ್ಯಾಕ್ ಆಕ್ಟ್ ವೇಷ ಮರೆಸಿಕೊಂಡು ಜಿಂಕೆ ಕದ್ದವನಿಗೆ ಗಲ್ಲು ವಿಧಿಸಿತ್ತು. ಆದರೆ ನಮ್ಮ ಕಾವ್ಯಗಳು ಗಡಿಯನ್ನು ಕಾಗದಪತ್ರಕ್ಕೆ ಕಟ್ಟಿಹಾಕಿಲ್ಲ. ಶಮೀಕನ ಹೆಸರಲ್ಲಿ ಯಾವ ಜಮೀನಿತ್ತು? ಕಾಳಿದಾಸನ ದುಷ್ಯಂತ ನಾಡಿಗೇ ಒಡೆಯ. ಆದರೂ ಇದು ಆಶ್ರಮದ ಜಿಂಕೆ ಎಂದು ತಪಸ್ವಿಗಳು ಅಡ್ಡಬಂದೊಡನೆ ಹೂಡಿದ ಬಾಣವನ್ನು ಹಿಂದೆಗೆಯುತ್ತಾನೆ. ಕಿರಾತಪ್ರಸಂಗದಲ್ಲಂತೂ ಹಂದಿಗೆ ಮೊದಲು ಗುರಿಯಿಟ್ಟವನು ನಾನೆಂದು ಬೇಡ ತಡೆದರೂ ಅರ್ಜುನ ಕೇಳದೆ ಬಾಣ ಬಿಡುತ್ತಾನೆ. ಆಮೇಲೆ ಬೇಟೆಯ ಧರ್ಮ ಮೀರಿದವನು ನೀನೇ ಎಂದು ಬೇಡನನ್ನೇ ದೂರುತ್ತಾನೆ. ಕಾಡು ನಮ್ಮ ವಾಸದ ನೆಲೆ, ನೀನೇಕೆ ಇಲ್ಲಿ ಬಂದೆ ಎಂದು ಬೇಡ ಕೇಳುತ್ತಾನೆ. ಆ ಬೇಡ ಶಿವನೆಂದು ತಿಳಿಯುವುದು ಸೋತ ಮೇಲೆ. ಬೇಡ ಬರೀ ಬೇಡನೇ ಆಗಿದ್ದರೂ ಆ ಪ್ರಶ್ನೆಯ ತೂಕ ಒಂದು ಗುಲಗಂಜಿಯಷ್ಟೂ ಇಳಿಯುತ್ತಿರಲಿಲ್ಲ.

ಹಾಗೆಂದು ಗಡಿ ಮೀರಿದವನನ್ನು ಏನು ಮಾಡಿದರೂ ನಡೆಯುತ್ತದೆಯೇ? ಮಗ ಶೃಂಗಿ ಅರಸನಿಗೆ ಸಾವಿನ ಶಾಪ ಕೊಟ್ಟಾಗ ಶಮೀಕ ಮೆಚ್ಚಲಿಲ್ಲ. ಅರಸ ದಣಿದಿದ್ದ, ನನ್ನ ವ್ರತ ಅವನಿಗೆ ತಿಳಿದಿರಲಿಲ್ಲ ಎಂದು ಮಗನನ್ನೇ ಗದರಿ, ಎಚ್ಚರಿಸಲು ಶಿಷ್ಯ ಗೌರಮುಖನನ್ನು ಅರಮನೆಗೆ ಕಳಿಸುತ್ತಾನೆ. ಕದ್ದು ಬೇಟೆಯಾಡುವವರನ್ನು ಕೊಲ್ಲಲು ಭೂಮಾಲೀಕರು ತೋಪುಗಳಲ್ಲಿ ಅಡಗಿಸಿಡುತ್ತಿದ್ದ ತಂತಿಬಂದೂಕುಗಳನ್ನು ಇಂಗ್ಲೆಂಡ್ ನಿಷೇಧಿಸಿದ್ದು 1827ರಲ್ಲಿ. 1972ರ ವನ್ಯಜೀವಿ ಕಾಯ್ದೆಯಿಂದ ಬೇಟೆಯೇ ಅಪರಾಧವಾಗಿರುವ ನಮ್ಮಲ್ಲಿ ಕಾಡಂಚಿನ ಹೊಲದ ಬೇಲಿಗೆ ಲೈನಿನಿಂದ ನೇರ ಕರೆಂಟು ಕೊಡುವ ಚಾಳಿ ಇನ್ನೂ ಇದೆ. ಬೆಳೆ ಕಳೆದುಕೊಂಡ ರೈತನ ಸಂಕಟ ನಿಜ. ಆದರೆ ಆ ತಂತಿಗೆ ಆನೆ, ಹಂದಿ, ರಾತ್ರಿ ನೀರು ಕಟ್ಟಲು ಬಂದ ಪಕ್ಕದ ಹೊಲದವನು ಎಲ್ಲರೂ ಒಂದೇ.