ಪತ್ರಿಕೆಯಲ್ಲಿ ಬಾರದ ಚಿತ್ರ

1979ರ ಕ್ರಾಂತಿಯ ನಂತರ ಇರಾನಿನಲ್ಲಿ ಮುಸುಕು ಕಡ್ಡಾಯವಾಗುವುದನ್ನು ವಿರೋಧಿಸಿ ಹೆಂಗಸರು ಬೀದಿಗಿಳಿದರು. ಅವರಲ್ಲೊಬ್ಬರ ಫೋಟೊವನ್ನು ಜರ್ಮನ್ ಪತ್ರಕರ್ತನೊಬ್ಬ ತೆಗೆದ. ಅದು ಯುರೋಪಿನ ಪತ್ರಿಕೆಗಳಲ್ಲಿ ಬಂತು, ಇರಾನಿನ ಪತ್ರಿಕೆಯೊಂದರಲ್ಲೂ ಬಂತು. ಓದುಗರ ಪಾಲಿಗೆ ಸುದ್ದಿ ಅಲ್ಲಿಗೆ ಮುಗಿಯಿತು. ಆ ತಾಯಿ ಮಾತ್ರ ಹೆದರಿ ಕೂದಲಿಗೆ ಬಣ್ಣ ಹಾಕಿಕೊಂಡರು, ಎಷ್ಟೋ ಕಾಲ ಕಪ್ಪು ಕನ್ನಡಕ ತೆಗೆಯಲಿಲ್ಲ. ಈ ಭಯವನ್ನು ನಮಗೆ ಕಾಣಿಸಿದ್ದು ಕ್ಯಾಮೆರಾ ಅಲ್ಲ, ಮಗಳು ಮರ್ಜಾನೆ ಸತ್ರಪಿ. 2000ದಿಂದ 2003ರವರೆಗೆ ಫ್ರಾನ್ಸಿನಲ್ಲಿ ನಾಲ್ಕು ಸಂಪುಟಗಳಾಗಿ ಬಂದ ಅವರ 'ಪರ್ಸೆಪೊಲಿಸ್' ಚಿತ್ರಗಳಲ್ಲಿ ಹೇಳಿದ ಆತ್ಮಕಥೆ.

ಬರೀ ಕಪ್ಪು ಬಿಳುಪು, ಮಕ್ಕಳು ಬರೆದಂಥ ದುಂಡು ಮುಖಗಳು. ಆ ಸರಳ ಗೆರೆಯೇ ನಮ್ಮನ್ನು ಮನೆಯೊಳಕ್ಕೆ ಕರೆದುಕೊಳ್ಳುತ್ತದೆ. ತಂದೆಯ ಒಡಹುಟ್ಟಿದ ಅನೂಶ್ ಸೆರೆಮನೆಯಲ್ಲಿ ಬ್ರೆಡ್ಡಿನಿಂದ ಮಾಡಿದ ಹಂಸವನ್ನು ಪುಟ್ಟ ಮರ್ಜಾನೆಯ ಕೈಗಿಡುತ್ತಾನೆ. ಹೊಸ ಸರ್ಕಾರ ಮತ್ತೆ ಹಿಡಿದಾಗ ಅವನಿಗೆ ಒಬ್ಬರನ್ನು ಮಾತ್ರ ನೋಡುವ ಅವಕಾಶ. ಅವನು ಕರೆಸಿಕೊಂಡದ್ದು ಆ ಹುಡುಗಿಯನ್ನು. ಇನ್ನೊಂದು ಹಂಸ ಕೊಡುತ್ತಾನೆ. ಆಮೇಲೆ ಅವನು ಕಾಣುವುದು ಪತ್ರಿಕೆಯಲ್ಲೇ, ಗಲ್ಲಿಗೇರಿದ ಗೂಢಚಾರನಾಗಿ.

ಇನ್ನೊಂದು ಪುಟವಂತೂ ಮನಸ್ಸಿನಿಂದ ಹೋಗುವುದಿಲ್ಲ. ಇರಾಕಿನೊಡನೆ ಯುದ್ಧ ನಡೆಯುತ್ತಿದೆ. ಇರಾಕಿನ ಕ್ಷಿಪಣಿ ಬಿದ್ದಾಗ ಹುಡುಗಿ ಜೀನ್ಸ್ ಕೊಳ್ಳಲು ಹೋಗಿರುತ್ತಾಳೆ. ಎದ್ದುಬಿದ್ದು ಓಡಿಬರುತ್ತಾಳೆ. ಅವರ ಮನೆ ಉಳಿದಿದೆ, ಪಕ್ಕದ ಯಹೂದಿ ಗೆಳತಿಯ ಮನೆ ನೆಲಸಮ. ಶನಿವಾರ, ಯಹೂದಿಗಳ ವಿಶ್ರಾಂತಿಯ ಸಬ್ಬತ್ ದಿನ, ಅವರೆಲ್ಲ ಒಳಗೇ ಇದ್ದರು. ಅಮ್ಮ ಎಳೆದುಕೊಂಡು ಹೋಗುವಾಗ ಕಲ್ಲುಮಣ್ಣಿನ ನಡುವೆ ಗೆಳತಿಯ ಫಿರೋಜಾ ಹರಳಿನ ಕೈಬಳೆ ಕಾಣುತ್ತದೆ, ಹುಟ್ಟುಹಬ್ಬಕ್ಕೆ ಬಂದಿದ್ದ ಬಳೆ. ಹುಡುಗಿ ಬಾಯಿ ಮುಚ್ಚಿಕೊಳ್ಳುತ್ತಾಳೆ. ಮುಂದಿನ ಚೌಕದಲ್ಲಿ ಕಣ್ಣು. ಅದರ ಮುಂದಿನ ಚೌಕ ಪೂರ್ತಿ ಕಪ್ಪು. ಅಲ್ಲಿ ರಕ್ತ ಮಾಂಸ ಬರೆದಿದ್ದರೆ ನಾವು ಪುಟ ಮಗುಚುತ್ತಿದ್ದೆವು, ಟೀವಿಯಲ್ಲಿ ದಿನಾ ನೋಡಿ ಅಷ್ಟು ರೂಢಿಯಾಗಿದೆ. ಆ ಕಪ್ಪು ಚೌಕವನ್ನು ದಾಟುವುದು ನನಗೆ ಇಂದಿಗೂ ಕಷ್ಟ.

ಇಂಥ ಪುಸ್ತಕಗಳನ್ನು ಚಿತ್ರಗಳ ನೆಪದಲ್ಲೇ ಮಕ್ಕಳಿಂದ ದೂರವಿಡುತ್ತಾರಲ್ಲ, ಅದು ನೋಯಿಸುತ್ತದೆ. 2013ರಲ್ಲಿ ಷಿಕಾಗೊದ ಶಾಲಾ ಆಡಳಿತ ಪರ್ಸೆಪೊಲಿಸ್ ಅನ್ನು ಏಳನೇ ತರಗತಿಯಿಂದ ತೆಗೆಸಿತು. 2022ರಲ್ಲಿ ಟೆನೆಸಿಯ ಮೆಕ್‌ಮಿನ್ ಕೌಂಟಿಯ ಶಾಲಾ ಮಂಡಳಿ ಆರ್ಟ್ ಸ್ಪೀಗಲ್‌ಮನ್ನರ 'ಮೌಸ್' ಅನ್ನು ಪಠ್ಯದಿಂದ ಕೈಬಿಟ್ಟಿತು. ಯಹೂದಿಗಳನ್ನು ಇಲಿಗಳಾಗಿ, ನಾಜಿಗಳನ್ನು ಬೆಕ್ಕುಗಳಾಗಿ ಬರೆದು, ಔಶ್ವಿಟ್ಜ್‌ನಿಂದ ಬದುಕಿ ಬಂದ ಅಪ್ಪನ ಕಥೆ ಹೇಳುವ ಪುಸ್ತಕ ಅದು. ಮಂಡಳಿಯ ತಕರಾರು ಕೆಲವು ಬೈಗುಳಗಳ ಮೇಲೆ, ಒಂದು ಬೆತ್ತಲೆ ಚಿತ್ರದ ಮೇಲೆ. ಆ ಚಿತ್ರ ತೀರಾ ಪುಟ್ಟದು. ಯುದ್ಧ ಮುಗಿದು 23 ವರ್ಷಗಳ ಮೇಲೆ, 1968ರಲ್ಲಿ, ಸ್ನಾನದ ತೊಟ್ಟಿಯಲ್ಲಿ ಪ್ರಾಣ ಕಳೆದುಕೊಂಡ ತನ್ನ ತಾಯಿಯನ್ನು ಮಗ ಅಲ್ಲಿ ಬರೆದಿದ್ದಾನೆ.