ಗೋಣಿಚೀಲದ ಜಾವಾ

ಇಂಜಿನ್ ಗೋಣಿಚೀಲದಲ್ಲಿ, ಪೆಟ್ರೋಲ್ ಟ್ಯಾಂಕ್ ಅಟ್ಟದ ಮೇಲೆ, ಬರಿಯ ಫ್ರೇಮು ಕೊಟ್ಟಿಗೆಯ ಗೋಡೆಗೆ ಒರಗಿದೆ. ನಮ್ಮ ತಾಳವಾಡಿ ಸೀಮೆಯ ಒಂದು ಮನೆಯಲ್ಲಿ ಹಳೆಯ ಜಾವಾ ಮೋಟಾರ್ ಸೈಕಲ್ಲು ಹೀಗೆ ಬಿಚ್ಚಿಬಿದ್ದಿದೆ ಎಂದುಕೊಳ್ಳೋಣ. ಓಡಿಸುತ್ತಿದ್ದ ಅಪ್ಪ ತೀರಿಕೊಂಡಿದ್ದಾರೆ. ಮಗ ಅದನ್ನು ಮತ್ತೆ ಜೋಡಿಸಲು ಹೊರಟಿದ್ದಾನೆ. ಅರ್ಧದಷ್ಟು ಭಾಗಗಳು ತುಕ್ಕು ಹಿಡಿದಿವೆ, ಕೆಲವು ಕಳೆದೇಹೋಗಿವೆ. ಬೇರೆ ಗಾಡಿಗಳಿಂದ ತಂದು ಹಾಕಲೇಬೇಕು. ಕೊನೆಗೆ ಎದ್ದು ನಿಲ್ಲುವುದು ಅಪ್ಪನ ಗಾಡಿಯೋ, ಇನ್ನೊಂದೋ? ಹುಡುಗಾಟದ ಪ್ರಶ್ನೆಯಂತೆ ಕಾಣಬಹುದು. ಆದರೆ ನವೆಂಬರ್ ತಿಂಗಳಲ್ಲಿ ಸಮಾಧಿಗಳಿಗೆ ಹೂವಿಟ್ಟು, ಪ್ರತಿ ಭಾನುವಾರ ಪುನರುತ್ಥಾನವನ್ನು ನಂಬುತ್ತೇವೆಂದು ಹೇಳುವ ನಮಗೆ ಇದು ಅಷ್ಟು ಹೊರಗಿನದೇನೂ ಅಲ್ಲ.

ಜಾವಾ ಹುಟ್ಟಿದ್ದು ಝೆಕ್ ನಾಡಿನಲ್ಲಿ. 1961ರಿಂದ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾಗತೊಡಗಿತು. ಮುಂದೆ ಯೆಜ್ಡಿ ಎಂಬ ಹೆಸರು ಬಂತು; 1996ರಲ್ಲಿ ಕಾರ್ಖಾನೆ ಮುಚ್ಚಿತು. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್, ಕಿಕ್ ಹೊಡೆಯುವ ಲಿವರಿನಿಂದಲೇ ಗೇರು. ಮೈಸೂರಿನಲ್ಲಿ ತಯಾರಾಗಿ ತಮಿಳುನಾಡಿನ ನಂಬರ್ ಹಾಕಿಕೊಂಡು ಓಡಿದ ಈ ಗಾಡಿಯ ಮೇಲೆ ಇಲ್ಲಿನ ಕನ್ನಡಿಗರಾದ ನಮಗೆ ತುಸು ಹೆಚ್ಚೇ ಅಕ್ಕರೆ. ಕಾರಣ ಬಿಡಿಸಿ ಹೇಳಬೇಕಾಗಿಲ್ಲ.

ಮೊದಲು ಇಂಜಿನ್ ಕೆಲಸ. ಸಿಲಿಂಡರ್ ಬೋರ್ ಮಾಡಿಸಿ ದೊಡ್ಡ ಪಿಸ್ಟನ್ ಹಾಕುವುದು, ಕ್ರ್ಯಾಂಕಿನ ಬೇರಿಂಗ್ ಬದಲಿಸುವುದು ಎಲ್ಲರಿಗೂ ಗೊತ್ತಿರುವ ಕೆಲಸ. ಮೇಸ್ತ್ರಿಯ ಮನಸ್ಸು ತಿಳಿಯುವುದು ಆಯಿಲ್ ಸೀಲಿನಲ್ಲಿ. ಇಂಥ ಟೂ-ಸ್ಟ್ರೋಕ್ ಇಂಜಿನಿನಲ್ಲಿ ಪೆಟ್ರೋಲು, ಗಾಳಿ ಎರಡೂ ಮೊದಲು ಕ್ರ್ಯಾಂಕ್ ಕೇಸಿಗೆ ಬಂದು, ಅಲ್ಲಿ ಒತ್ತಿಸಿಕೊಂಡು, ಆಮೇಲೆ ಪಿಸ್ಟನ್ನಿನ ಮೇಲಕ್ಕೆ ಹೋಗುತ್ತವೆ. ಸವೆದ ಸೀಲನ್ನೇ ಒಳಗಿಟ್ಟು ಮುಚ್ಚಿದರೆ ಹೊರಗಿನವರಿಗೆ ಕಾಣುವುದಿಲ್ಲ. ಆದರೆ ಸಂದಿನಿಂದ ಗಾಳಿ ಒಳಸೇರಿದರೆ ಪೆಟ್ರೋಲಿನ ಪಾಲು ಕಡಿಮೆಯಾಗುತ್ತದೆ, ಅದರೊಂದಿಗೆ ಬೆರೆತು ಬರುವ ಆಯಿಲೂ ಕಡಿಮೆಯಾಗುತ್ತದೆ, ಕಾದ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ಬಣ್ಣಾರಿಯಿಂದ ದಿಂಬಂಗೆ ಏರುವ 27 ತಿರುವುಗಳಲ್ಲಿ, ಹಿಂದೆ ಲಾರಿ ಬರುತ್ತಿರುವಾಗ ಹಾಗಾದರೆ ಏನು ಗತಿ? ಪಾಲಿಶ್ ಹೊಡೆದ ಟ್ಯಾಂಕನ್ನು ಹೊಗಳುವ ನಾವು ಈ ಸೀಲಿನ ಬಗ್ಗೆ ಕೇಳುವುದೇ ಇಲ್ಲ.

ಇನ್ನು ಮೂಲ ಪ್ರಶ್ನೆ. ಅಥೆನ್ಸಿನವರು ಥೀಸಿಯಸ್ ವೀರನ ಹಡಗನ್ನು ಕಾಪಾಡಿಕೊಂಡು, ಕೊಳೆತ ಹಲಗೆ ತೆಗೆದು ಹೊಸದನ್ನು ಹಾಕುತ್ತಾ ಬಂದರೆಂದು ಪ್ಲುಟಾರ್ಕ್ ಬರೆದಿದ್ದಾನೆ. ಅದು ಅದೇ ಹಡಗೇ ಎಂದು ತತ್ವಜ್ಞಾನಿಗಳು ವಾದಿಸುತ್ತಿದ್ದರಂತೆ. ತೆಗೆದ ಹಲಗೆಗಳನ್ನೆಲ್ಲ ಕೂಡಿಟ್ಟು ಇನ್ನೊಂದು ಹಡಗು ಕಟ್ಟಿದರೆ ಯಾವುದು ನಿಜವಾದದ್ದು ಎಂದು 17ನೇ ಶತಮಾನದಲ್ಲಿ ಹಾಬ್ಸ್ ಗಂಟನ್ನು ಇನ್ನೂ ಬಿಗಿ ಮಾಡಿದ.

ನಮಗೆ ಇವರಿಗಿಂತ ಸಂತ ಅಗಸ್ಟೀನರೇ ಹತ್ತಿರ. ‘ದೇವರ ನಗರ’ ಗ್ರಂಥದ 22ನೇ ಭಾಗದಲ್ಲಿ ಅವರು ಒಂದು ಭಯಂಕರ ಪ್ರಶ್ನೆಯನ್ನು ಎತ್ತಿಕೊಳ್ಳುತ್ತಾರೆ. ಬರಗಾಲದಲ್ಲಿ ಒಬ್ಬ ಇನ್ನೊಬ್ಬನ ಮಾಂಸ ತಿಂದು ಬದುಕಿದರೆ, ಪುನರುತ್ಥಾನದ ದಿನ ಆ ಮಾಂಸ ಯಾರ ದೇಹಕ್ಕೆ ಸೇರಬೇಕು? ಅದು ಮೊದಲು ಯಾರದಾಗಿತ್ತೋ ಅವನಿಗೇ, ಎನ್ನುತ್ತಾರೆ ಸಂತರು. ತಿಂದವನ ಬಳಿ ಅದು ಸಾಲವಾಗಿ ಇದ್ದದ್ದು, ಹಿಂದಿರುಗಿಸಬೇಕು. ಅವನ ಕೊರತೆಯನ್ನು ದೇವರು ತುಂಬಿಕೊಡುತ್ತಾರೆ. ಸಾಲ ಎಂಬ ಈ ಮಾತು ನಮಗೆ ಬಹಳ ಹಿಡಿಸುತ್ತದೆ. ಮತ್ತೆ ಜೋಡಿಸಿದ ಜಾವಾದಲ್ಲಿರುವ ಕ್ರ್ಯಾಂಕ್ ಕೇಸ್ ಗುಜರಿಗೆ ಹೋದ ಇನ್ನೊಂದು ಜಾವಾದ ಸಾಲ. ಮೇಸ್ತ್ರಿ ದೇವರಲ್ಲ, ಹಿಂದಿರುಗಿಸಲಾರ. ಸಾಲ ಪಡೆದದ್ದನ್ನು ಒಪ್ಪಿಕೊಳ್ಳುವುದಂತೂ ಅವನ ಕೈಯಲ್ಲಿದೆ.

ಇಲ್ಲೇ ಎಡವುವುದು. ಆರ್.ಸಿ. ಪುಸ್ತಕದಲ್ಲಿ ಚಾಸಿಸ್ ನಂಬರ್, ಇಂಜಿನ್ ನಂಬರ್ ಎರಡೂ ಇರುತ್ತವೆ. ಸರ್ಕಾರದ ಲೆಕ್ಕದಲ್ಲಿ ಗಾಡಿಯ ಗುರುತು ಅವೇ. ಬೇರೆ ಕೇಸ್ ಹಾಕಿದರೆ ನಂಬರ್ ಬೇರೆಯಾಗುತ್ತದೆ, ಕಚೇರಿಗೆ ತಿಳಿಸಿ ಬದಲಾಯಿಸಿಕೊಳ್ಳಬೇಕು. ಅದರ ಬದಲು ಹಳೆಯ ನಂಬರನ್ನು ಉಜ್ಜಿ ತೆಗೆದು ಅಪ್ಪನ ನಂಬರನ್ನೇ ಹೊಡೆಸಿಬಿಟ್ಟರೆ ಅಲೆದಾಟ ತಪ್ಪಿತು, ‘ಒರಿಜಿನಲ್’ ಎಂದು ಒಳ್ಳೆಯ ಬೆಲೆಗೂ ಮಾರಬಹುದು. ಅಪ್ಪನ ಮೇಲಿನ ಪ್ರೀತಿಯಿಂದ ಮಾಡಿದರೂ ಅದು ಸುಳ್ಳುಸಾಕ್ಷಿಯೇ. ಎಂಟನೆಯ ಕಟ್ಟಳೆ ಮಾತಿಗಷ್ಟೇ ಅನ್ವಯಿಸುವುದಿಲ್ಲ, ಉಳಿಯಿಂದ ಕಬ್ಬಿಣದ ಮೇಲೆ ಕೆತ್ತಿದ ಅಂಕಿಗೂ ಅನ್ವಯಿಸುತ್ತದೆ. ಪ್ರೀತಿಯಿದ್ದರೆ ಗಾಡಿಗೆ ಏನಾಯಿತು ಎಂಬುದನ್ನು ಮುಚ್ಚಿಡುವ ಅವಸರ ಏಕೆ?

ಟ್ಯಾಂಕಿನ ಮೇಲಿನ ತಗ್ಗಿಗೂ ಇದೇ ಮಾತು. ಅಪ್ಪ ಎಲ್ಲೋ ಬಿದ್ದಾಗ ಆದದ್ದು. ತಟ್ಟಿ ನೇರ ಮಾಡಿಸಿ ಮೆರೂನ್ ಬಣ್ಣ ಬಳಿಸಬಹುದು, ತಪ್ಪೇನೂ ಇಲ್ಲ. ಆದರೂ ಸಂತ ಯೊವಾನ್ನರ ಶುಭಸಂದೇಶದ 20ನೇ ಅಧ್ಯಾಯ ನೆನಪಾಗುತ್ತದೆ. ಪುನರುತ್ಥಾನರಾದ ಯೇಸುಸ್ವಾಮಿಯ ಕೈಗಳಲ್ಲಿ ಮೊಳೆಯ ಗಾಯಗಳು ಹಾಗೆಯೇ ಇದ್ದವು. ಶಿಷ್ಯರು ಅವರನ್ನು ಗುರುತಿಸಿದ್ದು ಆ ಗಾಯಗಳನ್ನು ನೋಡಿ. ತೋಮನಿಗೆ ತೋರಿಸಿದ್ದೂ ಅವನ್ನೇ. ನಮ್ಮನ್ನು ಕೇಳಿದರೆ ಆ ತಗ್ಗನ್ನು ಬಿಡಬೇಕು, ಸೀಲನ್ನು ಬದಲಿಸಬೇಕು. ಎಷ್ಟೋ ಕಡೆ ಇದು ತಿರುಗುಮುರುಗಾಗಿ ನಡೆಯುತ್ತದೆ.

ಆ ಮಗ ಕೆಲಸ ಶುರುಮಾಡುವ ಮೊದಲು ನಲವತ್ತು ಪುಟದ ಒಂದು ನೋಟ್‌ಬುಕ್ ಕೊಂಡರೆ ಸಾಕು. ಕಾರ್ಬುರೇಟರ್ ಯಾವ ಊರಿನ ಗಾಡಿಯದು, ಹಿಂದಿನ ಮಡ್‌ಗಾರ್ಡ್ ಯಾರ ಮನೆಯಿಂದ ಬಂತು, ಅವರು ಹಣ ತೆಗೆದುಕೊಂಡರೋ ಸುಮ್ಮನೆ ಕೊಟ್ಟರೋ, ಆ ಗಾಡಿ ಓಡಿಸುತ್ತಿದ್ದವರು ಈಗ ಇದ್ದಾರೋ ಇಲ್ಲವೋ. ಇಲ್ಲದಿದ್ದರೆ ಅವರ ಹೆಸರನ್ನೂ ಅಪ್ಪನ ಹೆಸರಿನ ಜೊತೆಗೆ ಈ ತಿಂಗಳ ಬಲಿಪೂಜೆಗೆ ಬರೆಸಬಹುದು.